ಬಾದಾಮಿಯ ಬಂಡೆಗಳಲ್ಲಿ ಮರಳಿನ ಚರಿತ್ರೆ

ಬಾದಾಮಿಯ ಅಗಸ್ತ್ಯತೀರ್ಥದ ದಂಡೆಯಲ್ಲಿ ನಿಂತು ನೋಡಿದರೆ, ಕೆಂಬಣ್ಣದ ಬಂಡೆಗಳು ಕೋಟೆಯ ಗೋಡೆಯಂತೆ ಕಡಿದಾಗಿ ಎದ್ದಿರುವುದು ಕಾಣುವುದು. ಅವುಗಳ ಮೈಮೇಲೆ ಒಂದರ ಮೇಲೊಂದು ಪದರಗಳು ತೋರುವುವು. ಈ ಪದರಗಳು ಹೇಗೆ ಉಂಟಾದುವು? ಬಂಡೆಗೆ ಈ ಆಕಾರವೇಕೆ ಬಂದಿತು?

ಇದು ಮರಳುಗಲ್ಲು, ಎಂದರೆ ಜಲಜಶಿಲೆ. ಇನ್ನೂ ಹಳೆಯ ಶಿಲೆಗಳು ಸವೆದು ಮರಳಾದುವು. ಹರಿಯುವ ನೀರು ಆ ಮರಳನ್ನು ಹೊತ್ತು ತಂದು ತಗ್ಗಿನಲ್ಲಿ ಹರಡಿತು. ಮೇಲೆ ಬಿದ್ದ ಪದರಗಳ ಭಾರಕ್ಕೆ ಕೆಳಗಿನವು ಅದುಮಿಹೋದುವು. ನೀರಿನಲ್ಲಿ ಕರಗಿ ಬಂದ ಸಿಲಿಕ ಕಣಗಳನ್ನು ಬೆಸೆಯಿತು. ಕೆಂಪು ಬಣ್ಣವನ್ನು ಕೊಟ್ಟುದು ಕಬ್ಬಿಣದ ಆಕ್ಸೈಡು. ಭೂಮಿಯ ಮೇಲೆ ಚಿಪ್ಪುಳ್ಳ ಪ್ರಾಣಿಗಳು ಇನ್ನೂ ಹುಟ್ಟದಿದ್ದ ಕಾಲದಲ್ಲಿ ಇದೆಲ್ಲ ನಡೆಯಿತು.

ಗುಹೆಗಳ ಗೋಡೆಗಳನ್ನೂ ಕಂಬಗಳನ್ನೂ ಸಮೀಪದಿಂದ ನೋಡಿದರೆ, ಕೆಲವು ಪದರಗಳ ಒಳಗೆ ಓರೆಯಾದ ಸಣ್ಣ ಗೆರೆಗಳಿರುವುವು. ಪ್ರವಾಹವು ತಳದ ಮರಳನ್ನು ಅಲೆಗಳಂತೆ ದಿಣ್ಣೆಗಟ್ಟಿಸುವುದು. ಕಣಗಳು ದಿಣ್ಣೆಯ ಒಂದು ಪಕ್ಕವನ್ನು ಏರಿ, ಇನ್ನೊಂದು ಪಕ್ಕದಲ್ಲಿ ಜಾರಿ ಬೀಳುವುವು. ಆ ಜಾರಿಕೆಯ ಗುರುತೇ ಓರೆಗೆರೆ. ಅದು ಇಳಿಜಾರಾಗಿರುವ ದಿಕ್ಕಿನಿಂದ, ಅಂದಿನ ನೀರು ಯಾವ ಕಡೆಗೆ ಹರಿಯುತ್ತಿತ್ತೆಂಬುದನ್ನು ನಾವು ತಿಳಿಯಬಹುದು.

ಇನ್ನು ಬಂಡೆಯ ಆಕಾರ. ಇಲ್ಲಿಯ ಪದರಗಳು ಬಹುಮಟ್ಟಿಗೆ ಸಮತಲವಾಗಿವೆ. ಅವುಗಳನ್ನು ನೇರವಾದ ಬಿರುಕುಗಳು ಮೇಲಿಂದ ಕೆಳಕ್ಕೆ ಸೀಳಿವೆ. ಮಳೆಯ ನೀರು ಬಿರುಕುಗಳಲ್ಲಿ ಇಳಿದು ಅವನ್ನು ಅಗಲಿಸುವುದು. ಕೆಳಗಿನ ಮೆದು ಪದರವು ಸವೆದಾಗ ಮೇಲಿನ ಗಟ್ಟಿ ಪದರವು ಆಸರೆ ತಪ್ಪಿ, ಬಿರುಕಿನ ಗುಂಟ ಮುರಿದು ಬೀಳುವುದು. ಆದುದರಿಂದಲೇ ಬಂಡೆಯ ನೆತ್ತಿ ಚಪ್ಪಟೆ, ಮುಖ ಕಡಿದು. ಹಂಪೆಯ ಗ್ರಾನೈಟಿನಲ್ಲಿ ಇಂತಹ ಪದರಗಳಿಲ್ಲ. ಅಲ್ಲಿ ಬಂಡೆಗಳು ದುಂಡಗಾಗಿ ಗುಂಡುಗಳಾಗಿವೆ.

ಚಾಲುಕ್ಯರ ಶಿಲ್ಪಿಗಳಿಗೆ ಈ ಕಲ್ಲಿನ ಗುಣ ತಿಳಿದಿತ್ತು. ದಪ್ಪವಾದ, ಏಕರೂಪದ ಪದರವನ್ನು ಅವರು ಕೊರೆದರು. ಮಂಗಳೇಶನು ಕೊರೆಯಿಸಿದ ಮೂರನೆಯ ಗುಹೆಯಲ್ಲಿ ಶಕ 500, ಎಂದರೆ ಕ್ರಿ. ಶ. 578ರ ಶಾಸನವಿದೆ. ಆದರೆ ಉಳಿಗೆ ಒಲಿದ ಕಲ್ಲು ನೀರಿಗೂ ಒಲಿಯುವುದು. ತೇವವೂ ಅದರೊಡನೆ ಬರುವ ಲವಣವೂ ಕಣಗಳ ಬೆಸುಗೆಯನ್ನು ಸಡಿಲಿಸಿದಾಗ, ಶಿಲ್ಪದ ಮೈ ಪದರಪದರವಾಗಿ ಉದುರುವುದು.

ನಿಸರ್ಗದ ಈ ಕೆಲಸ ಬಹು ನಿಧಾನವಾದುದು. ಗೋಡೆಯಲ್ಲಿ ಹೆಸರನ್ನು ಕೆತ್ತುವ ಪ್ರವಾಸಿಯಾದರೋ ಒಂದು ಗಳಿಗೆಯಲ್ಲಿ ಅದಕ್ಕಿಂತ ಹೆಚ್ಚು ಹಾಳುಮಾಡಬಲ್ಲನು. ಅಲ್ಲಿಗೆ ಹೋಗುವ ವಿದ್ಯಾರ್ಥಿಗಳು ಬಂಡೆಯ ಮೇಲೆ ಬರೆಯದೆ, ಅದರಲ್ಲಿ ಮೊದಲೇ ಬರೆದಿರುವುದನ್ನು ಓದಲಿ.