ಸ್ಕ್ಯಾನರ್ ಹಾಕಿದ ಮೇಲೆ

ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರಿನಂಥ ಹೋಬಳಿ ಊರಲ್ಲೂ ಈಗ ಗ್ಯಾರೇಜಿಗೆ ಬಂದವರು ಮೊದಲು ಕೇಳುವುದು, ‘ಸ್ಕ್ಯಾನರ್ ಐತಾ ಅಣ್ಣ?’ ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಅದರ ವೈರು ಸಿಕ್ಕಿಸಿದರೆ ಸಾಕು, ಕಾರಿನೊಳಗಿನ ಕಂಪ್ಯೂಟರ್ ತಾನು ಗುರುತು ಹಾಕಿಕೊಂಡ ದೋಷಗಳನ್ನು ಕೋಡಿನಲ್ಲಿ ಒಪ್ಪಿಸುತ್ತದೆ.

ಅಂಬಾಸಿಡರ್ ಕಾಲದ ಮೇಸ್ತ್ರಿಗೆ ಇದು ಬೇಕಿರಲಿಲ್ಲ. ಕಾರ್ಬೊರೇಟರ್ ಬಿಚ್ಚಿ ಜೆಟ್ ಊದಿ, ಪಾಯಿಂಟ್ ಗ್ಯಾಪ್ ಸರಿಮಾಡಿ, ಐಡ್ಲಿಂಗನ್ನು ಕಿವಿಯಲ್ಲೇ ಹಿಡಿಯುತ್ತಿದ್ದ. ಹೊಗೆಯ ನಿಯಮ ಬಿಗಿಯಾಗುತ್ತ ಹೋದಂತೆ ಪೆಟ್ರೋಲ್ ಎಷ್ಟು, ಕಿಡಿ ಯಾವಾಗ ಎಂಬ ಲೆಕ್ಕ ಇಸಿಯು ಎಂಬ ಆ ಕಂಪ್ಯೂಟರಿನ ಪಾಲಾಯಿತು.

ಕೋಡನ್ನೇ ತೀರ್ಪೆಂದು ನಂಬಿದರೆ ಮಾತ್ರ ಜೇಬಿಗೆ ಕತ್ತರಿ. ‘ಪಿ0171’ ಎಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ ಎಂದಷ್ಟೇ. ಪೈಪು ಸೀಳಿರಬಹುದು, ಪಂಪ್ ಸೊರಗಿರಬಹುದು, ಇಲಿ ವೈರು ಕಡಿದಿರಬಹುದು. ಆಕ್ಸಿಜನ್ ಸೆನ್ಸರ್ ಬದಲಿಸಿ ಬಿಲ್ ಕೊಡುವವನಿಗಿಂತ, ಮೊದಲು ಬ್ಯಾಟರಿ ವೋಲ್ಟೇಜ್, ಅರ್ತ್ ವೈರು, ಹೋಸ್ ಪೈಪು ನೋಡುವವನೇ ನನ್ನ ಮಟ್ಟಿಗೆ ಮೆಕ್ಯಾನಿಕ್.

ಈ ಸೀಮೆಗೆ ಹೆಚ್ಚು ತಲೆನೋವು ತಂದಿರುವುದು 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಗಾಡಿಗಳು. ಸೈಲೆನ್ಸರ್ ದಾರಿಯಲ್ಲಿರುವ ಫಿಲ್ಟರ್ ಮಸಿಯನ್ನು ಹಿಡಿದಿಟ್ಟು, ಹೊಗೆ ಸುಮಾರು 600 ಡಿಗ್ರಿ ಕಾದಾಗ ಸುಟ್ಟುಹಾಕುತ್ತದೆ. ಹೊಲದಿಂದ ಹೊಗೆಸೊಪ್ಪು ತುಂಬಿಕೊಂಡು ಅದನ್ನು ಹದಮಾಡುವ ಬ್ಯಾರನ್ನಿಗೆ, ಅಲ್ಲಿಂದ ಮನೆಗೆ ಎಂದು ಎರಡು-ಮೂರು ಕಿಲೋಮೀಟರ್ ಓಡಾಡುವ ಗಾಡಿ ಅಷ್ಟು ಕಾಯುವುದೇ ಇಲ್ಲ. ಫಿಲ್ಟರ್ ಕಟ್ಟಿ, ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ. ಆಗಿನ್ನೂ ಹೆಚ್ಚು ಕಟ್ಟಿಲ್ಲದಿದ್ದರೆ ಮದ್ದು ಸುಲಭ: ಮೈಸೂರು–ಮಡಿಕೇರಿ ಹೆದ್ದಾರಿಗೆ ಹತ್ತಿಸಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸುವುದು. ದೀಪ ಕಂಡೂ ಕಾಣದಂತೆ ದುಡಿಸಿದರೆ ಗಾಡಿಯ ಎಳೆತ ಸತ್ತೇಹೋಗುತ್ತದೆ.

ಹಳ್ಳಿ ಗ್ಯಾರೇಜಿನ ಕೈ ಕಟ್ಟಿರುವುದು ಕಂಪ್ಯೂಟರ್ ಅಲ್ಲ, ಅದಕ್ಕೆ ಹಾಕಿದ ಬೀಗ. ಅನೇಕ ಕಾಮನ್ ರೈಲ್ ಡೀಸೆಲ್ ಎಂಜಿನ್‌ಗಳಲ್ಲಿ ಇಂಜೆಕ್ಟರ್ ಬದಲಿಸಿದರೆ ಅದರ ಮೈಮೇಲಿನ ಕೋಡನ್ನು ಇಸಿಯುವಿಗೆ ತುಂಬಬೇಕು. ಹೊಸ ಕೀ ಮಾಡಿಸಿದರೂ ಅದರ ಚಿಪ್ಪನ್ನು ಗಾಡಿಗೆ ಪರಿಚಯಿಸಬೇಕು. ಅಗ್ಗದ ಸ್ಕ್ಯಾನರ್ ಕೋಡ್ ಓದಿ ಅಳಿಸೀತು, ಇಷ್ಟು ಮಾಡದು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ತೆರೆದ ‘ರಿಪೇರಿ ಹಕ್ಕು’ ಪೋರ್ಟಲ್‌ನಲ್ಲಿ ವಾಹನಗಳಿಗೂ ಜಾಗ ಕೊಟ್ಟಿದೆ. ಅಲ್ಲಿ ಕೈಪಿಡಿ ಸಿಕ್ಕರೆ ಒಳ್ಳೆಯದೇ. ಕೋಡಿಂಗ್ ಮಾಡುವ ಸಾಫ್ಟ್‌ವೇರ್ ಕೈಗೆಟುಕುವ ಬೆಲೆಗೆ ಸಿಗದಿದ್ದರೆ, ಇಲ್ಲೇ ಇಂಜೆಕ್ಟರ್ ಕೂರಿಸಬಲ್ಲವನೂ ಗಾಡಿಯನ್ನು ಮೈಸೂರಿಗೆ ಟೋ ಮಾಡಿಸಲೇಬೇಕು.