ಸರಿಸಮರಲ್ಲಿ ಗೆದ್ದವರು ಯಾರು?

ಎರಡು ವರ್ಷದ ಹಿಂದೆ ನಮ್ಮ ಶಾಲೆಯಲ್ಲಿ ಒಂಬತ್ತನೆಯ ತರಗತಿಯ ಎರಡು ವಿಭಾಗಗಳಿಗೆ ಫುಟ್‌ಬಾಲ್ ಪಂದ್ಯ ಏರ್ಪಟ್ಟಿತ್ತು. ಗೆದ್ದವರಿಗೆ ವಾರ್ಷಿಕೋತ್ಸವದ ದಿನ ಹತ್ತನೆಯ ತರಗತಿಯವರೊಡನೆ ಆಡುವ ಅವಕಾಶ. ವ್ಯಾಯಾಮದ ಮೇಷ್ಟರು ಅಂದು ರಜೆಯ ಮೇಲಿದ್ದುದರಿಂದ ಸೀಟಿ ಕನ್ನಡ ಪಂಡಿತನಾದ ನನ್ನ ಕೊರಳಿಗೆ ಬಿತ್ತು. ಆಟ ಒಂದಕ್ಕೆ ಒಂದು ಗೋಲಿನಂತೆ ಸಮವಾಗಿ ಮುಗಿಯಿತು. ಹೊತ್ತು ಮುಳುಗುತ್ತಿತ್ತು, ಹಳ್ಳಿಯಿಂದ ಬರುವ ಮಕ್ಕಳಿಗೆ ಕೊನೆಯ ಬಸ್ಸು ತಪ್ಪೀತೆಂಬ ಆತಂಕ. ನಾನು ಜೇಬಿನಿಂದ ಎರಡು ರೂಪಾಯಿಯ ನಾಣ್ಯವನ್ನು ತೆಗೆದು ಮೇಲಕ್ಕೆ ಚಿಮ್ಮಿ ತೀರ್ಪು ಕೊಟ್ಟುಬಿಟ್ಟೆ. ಸೋತ ತಂಡದ ನಾಯಕ ಹತ್ತಿರ ಬಂದು, ಅಳುವನ್ನು ನುಂಗಿಕೊಂಡು, "ಸಾರ್, ನಾವೇನು ತಪ್ಪು ಮಾಡಿದ್ವಿ ಅಂತ ಸೋತ್ವಿ?" ಎಂದು ಕೇಳಿದ. ಸಂಧಿ ಸಮಾಸಗಳಲ್ಲಿ ಏನು ಕೇಳಿದರೂ ಹೇಳಬಲ್ಲ ನನಗೆ ಇದಕ್ಕೆ ಉತ್ತರ ತೋಚಲಿಲ್ಲ.

ಅದೇ ಹುಡುಗರು ರಾತ್ರಿ ನಿದ್ದೆಗೆಟ್ಟು ನೋಡುವ ಯುರೋಪಿನ ಕ್ಲಬ್ ಪಂದ್ಯಾವಳಿಯ ಕಥೆಯನ್ನು ಆಮೇಲೆ ನಾನು ಆಸಕ್ತಿಯಿಂದ ಓದಿದೆ. ಎಪ್ಪತ್ತು ವರ್ಷಗಳಿಂದ ಅಲ್ಲಿನ ಹಿರಿಯರನ್ನೂ ಇದೇ ಪ್ರಶ್ನೆ ಕಾಡಿದೆ. ಅವರು ಅದಕ್ಕೆ ಕೊಟ್ಟ ಉತ್ತರ ಒಂದೇ ಆಗಿಲ್ಲ. ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ.

ಮೊದಲಿಗೆ ಪಂದ್ಯಾವಳಿಯ ಪರಿಚಯ. ಇದು ದೇಶದೇಶಗಳ ನಡುವಿನ ಆಟವಲ್ಲ, ಊರೂರಿನ ಕ್ಲಬ್ಬುಗಳ ಆಟ. 1954ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ ಕ್ಲಬ್ಬು ಹಂಗೇರಿಯ ಹೆಸರಾಂತ ಹೊನ್ವೇದ್ ತಂಡವನ್ನು ತನ್ನ ನೆಲದಲ್ಲಿ 3–2ರಿಂದ ಸೋಲಿಸಿತು. ಆಟಕ್ಕೆ ಮುಂಚೆ ನೆಲಕ್ಕೆ ನೀರು ಹಾಯಿಸಿ ಕೆಸರು ಮಾಡಿದ್ದರೆಂದು ಆ ಕ್ಲಬ್ಬಿನವರೇ ಮುಂದೆ ಹೇಳಿಕೊಂಡದ್ದುಂಟು. ಲಂಡನ್ನಿನ ಪತ್ರಿಕೆಗಳು ಮಾತ್ರ ಮಾರನೆಯ ದಿನವೇ ತಮ್ಮವರನ್ನು ಜಗಜ್ಜೇತರೆಂದು ಕೊಂಡಾಡಿದುವು. ಪ್ಯಾರಿಸ್ಸಿನ 'ಲೆಕಿಪ್' ಪತ್ರಿಕೆಯ ಗೇಬ್ರಿಯಲ್ ಆನೋ ಎಂಬ ಬರಹಗಾರರಿಗೆ ಇದು ಸೈರಿಸಲಿಲ್ಲ. ಹೊರ ಊರಿಗೆ ಹೋಗಿಯೂ ಗೆದ್ದು ತೋರಿಸಲಿ, ಆಮೇಲೆ ಬಿರುದು ಕಟ್ಟಿಕೊಳ್ಳಲಿ ಎಂಬುದು ಅವರ ವಾದ. ಆ ವಾದದ ಫಲವಾಗಿ 1955ರಲ್ಲಿ 16 ಕ್ಲಬ್ಬುಗಳ ಯುರೋಪಿಯನ್ ಕಪ್ ಆರಂಭವಾಯಿತು. ಮೊದಲ ಐದು ವರ್ಷವೂ ಕಪ್ಪು ಸ್ಪೇನಿನ ರಿಯಲ್ ಮ್ಯಾಡ್ರಿಡ್ ಕ್ಲಬ್ಬಿನ ಪಾಲಾಯಿತು. 1992ರಲ್ಲಿ ಪಂದ್ಯಾವಳಿಗೆ ಚಾಂಪಿಯನ್ಸ್ ಲೀಗ್ ಎಂದು ಹೆಸರಿಟ್ಟರು.

2024ರಿಂದ ನಡೆದು ಬಂದಿರುವ ಕ್ರಮದಲ್ಲಿ 36 ಕ್ಲಬ್ಬುಗಳು ಮೊದಲು ಎಂಟೆಂಟು ಪಂದ್ಯಗಳನ್ನಾಡಿ ಅಂಕ ಗಳಿಸುತ್ತವೆ. ಪಟ್ಟಿಯ ಮೊದಲ ಎಂಟು ನೇರವಾಗಿ ಹದಿನಾರರ ಸುತ್ತಿಗೆ ಹೋಗುತ್ತವೆ. ಒಂಬತ್ತರಿಂದ ಇಪ್ಪತ್ತನಾಲ್ಕರವರೆಗಿನವು ತಮ್ಮತಮ್ಮಲ್ಲಿ ಸೆಣಸಿ ಉಳಿದ ಎಂಟು ಸ್ಥಾನ ತುಂಬುತ್ತವೆ. ಈ ಸೆಣಸಾಟದಿಂದ ಮೊದಲಾಗುವುದೇ 'ನಾಕ್‌ಔಟ್'. ಹುಡುಗರು ಆ ಮಾತಿಗೆ ಕನ್ನಡ ಹುಡುಕುವ ಗೋಜಿಗೆ ಹೋಗುವುದಿಲ್ಲ. ನನ್ನ ಮಟ್ಟಿಗೆ ನಾನು 'ಸೋತರೆ ಹೊರಕ್ಕೆ' ಎಂದಿಟ್ಟುಕೊಂಡಿದ್ದೇನೆ. ಹದಿನಾರು ಎಂಟಾಗಿ, ಎಂಟು ನಾಲ್ಕಾಗಿ, ನಾಲ್ಕು ಎರಡಾಗುವವರೆಗೆ ಪ್ರತಿ ಜೋಡಿಯೂ ಎರಡು ಸಲ ಆಡಬೇಕು: ಒಂದು ಸಲ ಇವರ ಊರಿನಲ್ಲಿ, ಒಂದು ಸಲ ಅವರ ಊರಿನಲ್ಲಿ. ಎರಡೂ ಆಟಗಳ ಗೋಲುಗಳನ್ನು ಕೂಡಿ ಯಾರದು ಹೆಚ್ಚೋ ಅವರು ಮುಂದಕ್ಕೆ. ಅಂತಿಮ ಪಂದ್ಯ ಒಂದೇ. ಅದರ ಸ್ಥಳವನ್ನು ಬಹಳ ಮುಂಚೆಯೇ ಗೊತ್ತುಮಾಡಿರುತ್ತಾರೆ. ಹೀಗೆ ಗೊತ್ತುಮಾಡಿದ ಸ್ಥಳ 2012ರಲ್ಲಿ ಮ್ಯೂನಿಕ್ ಆಗಿತ್ತು. ಆ ಊರಿನ ಬಯರ್ನ್ ತಂಡವೇ ಅಂತಿಮಕ್ಕೆ ಬಂದು, ಮನೆಯಂಗಳದಲ್ಲೇ ಲಂಡನ್ನಿನ ಚೆಲ್ಸಿಗೆ ಸೋತದ್ದು ವಿಧಿಯ ವಿನೋದ.

ಲೆಕ್ಕ ಕೂಡಿದಾಗ ಎರಡು ಕಡೆಯೂ ಸಮವಾದರೆ ಏನು ಮಾಡುವುದು? ಕುಸ್ತಿಯ ಕಣದಲ್ಲಾದರೆ ಇಬ್ಬರ ಕೈಯನ್ನೂ ಎತ್ತಿ 'ಸಮ' ಎಂದು ಕಳಿಸಿಬಿಡುವುದುಂಟು. ಇಲ್ಲಿ ಹಾಗಾಗದು. ಮುಂದಿನ ಸುತ್ತಿನಲ್ಲಿ ಇರುವುದು ಒಂದೇ ಜಾಗ.

ಆರಂಭದ ವರ್ಷಗಳಲ್ಲಿ ಮೂರನೆಯ ಊರೊಂದರಲ್ಲಿ ಮೂರನೆಯ ಪಂದ್ಯ ಆಡಿಸುತ್ತಿದ್ದರು. ಅದೂ ಸಮವಾದರೆ ನಾಣ್ಯವೇ ಗತಿ. 1965ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿಗೂ ಜರ್ಮನಿಯ ಕೊಲೋನಿಗೂ ಎಂಟರ ಸುತ್ತಿನ ಪಂದ್ಯ. ಕೊಲೋನಿನಲ್ಲಿ 0–0, ಲಿವರ್‌ಪೂಲಿನಲ್ಲಿ 0–0. ಮಾರ್ಚ್ 24ರಂದು ಹಾಲೆಂಡಿನ ರಾಟರ್‌ಡ್ಯಾಮಿನಲ್ಲಿ ಮೂರನೆಯ ಆಟ. ಅಲ್ಲಿ ಕೊಲೋನಿನ ವೋಲ್ಫ್‌ಗಾಂಗ್ ವೇಬರ್ ಎಂಬ ಆಟಗಾರನ ಕಾಲಿನ ಮೂಳೆ ಮುರಿಯಿತು. ಬದಲಿ ಆಟಗಾರನನ್ನು ಇಳಿಸುವ ಪದ್ಧತಿ ಆಗ ಇರಲಿಲ್ಲ. ಆತ ಮುರಿದ ಕಾಲಿನಲ್ಲೇ ಆಟ ಮುಂದುವರಿಸಿದ. ಎರಡು ಗೋಲು ಹಿಂದಿದ್ದ ಕೊಲೋನ್ ತಂಡ 2–2 ಮಾಡಿಕೊಂಡಿತು. ಹೆಚ್ಚುವರಿ ಅರ್ಧ ಗಂಟೆಯಲ್ಲೂ ಇತ್ಯರ್ಥವಾಗಲಿಲ್ಲ. ಮೂರು ಪಂದ್ಯ, ಒಟ್ಟು 300 ನಿಮಿಷಗಳ ಆಟ ಕಳೆದ ಮೇಲೆ ರೆಫರಿ ಒಂದು ಮಗ್ಗುಲು ಕೆಂಪು, ಇನ್ನೊಂದು ಮಗ್ಗುಲು ಬಿಳಿಯಾಗಿದ್ದ ಬಿಲ್ಲೆಯೊಂದನ್ನು ಚಿಮ್ಮಿದರು. ಬಿಲ್ಲೆ ಕೆಸರಿನಲ್ಲಿ ನೆಟ್ಟಗೆ ನಿಂತುಬಿಟ್ಟಿತು! ಎರಡನೆಯ ಸಲ ಚಿಮ್ಮಿದಾಗ ಲಿವರ್‌ಪೂಲಿನ ಕೆಂಪು ಮೇಲಾಯಿತು. ವೇಬರ್ ನನ್ನನ್ನು ಕಂಡು, ನಮ್ಮ ತಪ್ಪೇನು ಎಂದು ಕೇಳಿದ್ದರೆ ನಾನು ತಲೆ ತಗ್ಗಿಸದೆ ಬೇರೆ ದಾರಿಯಿರಲಿಲ್ಲ.

ಎರಡನೆಯ ಉಪಾಯ ಲೆಕ್ಕದ್ದು. ಯುರೋಪಿನ ಇನ್ನೊಂದು ಪಂದ್ಯಾವಳಿಯಲ್ಲಿ 1965ರಲ್ಲಿಯೂ ಚಾಂಪಿಯನ್ನರ ಪಂದ್ಯಾವಳಿಯಲ್ಲಿ 1967ರಿಂದಲೂ ಇದು ಬಳಕೆಗೆ ಬಂತು. ಕೂಡಿದ ಲೆಕ್ಕ ಸಮವಾದರೆ, ಎದುರಾಳಿಯ ನೆಲದಲ್ಲಿ ಹೆಚ್ಚು ಗೋಲು ಹೊಡೆದವರೇ ಗೆದ್ದವರು. ಆ ಕಾಲದಲ್ಲಿ ಹೊರ ಊರಿಗೆ ಹೋದ ತಂಡಕ್ಕೆ ದೂರದ ಪ್ರಯಾಣ, ಅರಿಯದ ನೆಲ, ಕೂಗಾಡುವ ಪರಕೀಯ ಜನ. ಹೋದವರು ಸೋಲದೆ ಬಂದರೆ ಸಾಕೆಂದು ಗೋಲಿನ ಮುಂದೆ ಗೋಡೆ ಕಟ್ಟಿ ನಿಲ್ಲುತ್ತಿದ್ದರು. ಹೊರನೆಲದ ಗೋಲಿಗೆ ತೂಕ ಹೆಚ್ಚಿಸಿದರೆ ಅವರಿಗೂ ಮುನ್ನುಗ್ಗುವ ಆಸೆ ಹುಟ್ಟೀತೆಂದು ಎಣಿಕೆ. ಆದರೆ ಆ ಗೋಲುಗಳೂ ಸಮವಾದರೆ ಮತ್ತೆ ನಾಣ್ಯವೇ. 1969ರಲ್ಲಿ ಸ್ಕಾಟ್ಲೆಂಡಿನ ಸೆಲ್ಟಿಕ್ ತನ್ನ ಊರಿನಲ್ಲಿ 3–0 ಗೆದ್ದು, ಲಿಸ್ಬನ್ನಿನಲ್ಲಿ ಬೆನ್ಫಿಕಾಗೆ 3–0 ಸೋತು, ನಾಣ್ಯದ ದಯೆಯಿಂದ ಮುಂದೆ ಹೋಯಿತು. ಹಾಗೆ ಹೋದ ತಂಡ ಆ ವರ್ಷ ಅಂತಿಮ ಪಂದ್ಯದವರೆಗೂ ಮುಟ್ಟಿತು.

ಹೊರನೆಲದ ಗೋಲಿನ ಬಿಸಿ ನಮ್ಮ ಬೆಂಗಳೂರಿಗೂ ತಟ್ಟಿದೆ. ಏಷ್ಯದ ಕ್ಲಬ್ಬುಗಳಿಗಾಗಿ ನಡೆಯುತ್ತಿದ್ದ ಎ.ಎಫ್.ಸಿ. ಕಪ್ಪಿನ 2016ರ ನಾಲ್ಕರ ಸುತ್ತಿನಲ್ಲಿ ಬೆಂಗಳೂರು ಎಫ್.ಸಿ. ತಂಡ ಮಲೇಷ್ಯಾದ ಜೊಹೋರ್ ತಂಡವನ್ನು ಎದುರಿಸಿತು. ಜೊಹೋರ್ ಹಿಂದಿನ ವರ್ಷ ಕಪ್ಪು ಗೆದ್ದಿದ್ದ ತಂಡ. ಅವರ ನೆಲದಲ್ಲಿ 1–1. ಅಂದರೆ ನಮ್ಮ ಕಂಠೀರವ ಕ್ರೀಡಾಂಗಣದಲ್ಲಿ ಆಟ 0–0 ಆದರೂ ಬೆಂಗಳೂರಿಗೇ ಗೆಲುವು. ಆದರೆ ಅಕ್ಟೋಬರ್ 19ರ ಸಂಜೆ ಮೊದಲ ಗೋಲು ಹೊಡೆದವರು ಅತಿಥಿಗಳು! ವಿರಾಮಕ್ಕೆ ಮುಂಚೆ ಸುನಿಲ್ ಛೇತ್ರಿ ಒಂದು ಗೋಲು ತಿರುಗಿಸಿದಾಗ ಕೂಡಿದ ಲೆಕ್ಕವೂ ಸಮ, ಹೊರನೆಲದ ಲೆಕ್ಕವೂ ಸಮ. ಮುಂದಿನ ಅರ್ಧದಲ್ಲಿ ಛೇತ್ರಿ ಮತ್ತೊಂದು, ಹುವಾನನ್ ಒಂದು ಹೊಡೆದು 3–1ರಿಂದ ತೊಡಕು ಬಿಡಿಸಿದರು. ಭಾರತದ ಕ್ಲಬ್ಬೊಂದು ಆ ಕಪ್ಪಿನ ಅಂತಿಮಕ್ಕೆ ಹೋದದ್ದು ಅದೇ ಮೊದಲು. ದೋಹಾದಲ್ಲಿ ಇರಾಕಿನ ವಾಯುಪಡೆಯ ಕ್ಲಬ್ಬಿಗೆ ಒಂದು ಗೋಲಿನಿಂದ ಸೋತರು.

ನಿಯಮ ಒಳ್ಳೆಯದೇ, ಆದರೆ ಒಳ್ಳೆಯ ನಿಯಮವೂ ಕೆಲವೊಮ್ಮೆ ಹಾಸ್ಯಾಸ್ಪದವಾಗುತ್ತದೆ. 2003ರಲ್ಲಿ ಇಟಲಿಯ ಮಿಲಾನ್ ನಗರದ ಎರಡು ಕ್ಲಬ್ಬುಗಳು, ಎ.ಸಿ. ಮಿಲಾನ್ ಮತ್ತು ಇಂಟರ್, ನಾಲ್ಕರ ಸುತ್ತಿನಲ್ಲಿ ಎದುರಾದುವು. ಎರಡಕ್ಕೂ ತವರು ನೆಲ ಒಂದೇ, ಸ್ಯಾನ್ ಸಿರೋ ಕ್ರೀಡಾಂಗಣ. ಮಿಲಾನಿನ 'ಮನೆ'ಯ ಆಟ 0–0. ಇಂಟರಿನ 'ಮನೆ'ಯ ಆಟ 1–1. ಅದೇ ಹುಲ್ಲು, ಅದೇ ಗೋಲುಕಂಬ! ಆದರೂ ಎರಡನೆಯ ಆಟದಲ್ಲಿ ಮಿಲಾನ್ ಹೊಡೆದದ್ದು 'ಹೊರನೆಲದ' ಗೋಲೆಂದು ತೀರ್ಮಾನವಾಗಿ ಆ ತಂಡ ಅಂತಿಮಕ್ಕೆ ನಡೆಯಿತು, ಕಪ್ಪನ್ನೂ ಗೆದ್ದಿತು. ವ್ಯಾಕರಣದ ಸೂತ್ರಕ್ಕೆ ಜೋತುಬಿದ್ದು ಅರ್ಥವನ್ನು ಕೈಬಿಡುವ ನಮ್ಮ ಕೆಲವು ವ್ಯಾಖ್ಯಾನಕಾರರ ನೆನಪು ನನಗಾಯಿತು.

ಇದೇ ನಿಯಮ ರೋಮಾಂಚವನ್ನೂ ತಂದದ್ದುಂಟು. 2017ರಲ್ಲಿ ಬಾರ್ಸಿಲೋನಾ ಪ್ಯಾರಿಸ್ಸಿನಲ್ಲಿ 4–0 ಸೋತು ಬಂದಿತ್ತು. ಮಾರ್ಚ್ 8ರಂದು ತನ್ನ ನೆಲದಲ್ಲಿ 50 ನಿಮಿಷಕ್ಕೆ 3–0 ಮುಂದೆ. ಇನ್ನೊಂದು ಬಂದರೆ ಸಮ ಎನ್ನುವಷ್ಟರಲ್ಲಿ 62ನೆಯ ನಿಮಿಷದಲ್ಲಿ ಪ್ಯಾರಿಸ್ಸಿನ ಕವಾನಿ ಒಂದು ಗೋಲು ಹೊಡೆದರು. ಈಗ 5–5 ಆದರೂ ಹೊರನೆಲದ ಆ ಒಂದು ಗೋಲಿನಿಂದ ಪ್ಯಾರಿಸ್ಸೇ ಗೆಲ್ಲುತ್ತದೆ. ಬಾರ್ಸಿಲೋನಾಗೆ ಇನ್ನೂ ಮೂರು ಬೇಕು. 87 ನಿಮಿಷ ಕಳೆದರೂ ಒಂದೂ ಇಲ್ಲ. 88ರಲ್ಲಿ ನೇಯ್ಮಾರ್ ಒಂದು ಹೊಡೆದರು. ಗಡುವು ಮೀರಿದ ಮೇಲೆ ಪೆನಾಲ್ಟಿಯಿಂದ ಅವರದೇ ಇನ್ನೊಂದು. 95ನೆಯ ನಿಮಿಷದಲ್ಲಿ ಸೆರ್ಜಿ ರೊಬೆರ್ತೊ ಆರನೆಯದು.

ಕಾಲ ಕಳೆದಂತೆ ಪ್ರಯಾಣ ಸುಖವಾಯಿತು, ನೆಲಗಳೆಲ್ಲ ಒಂದೇ ತೆರನಾದುವು. 1970ರ ದಶಕದ ನಡುವಿನಲ್ಲಿ ನೂರಕ್ಕೆ 61 ಪಂದ್ಯಗಳನ್ನು ತವರಿನವರೂ 19ನ್ನು ಹೊರಗಿನವರೂ ಗೆಲ್ಲುತ್ತಿದ್ದರು. 2021ರ ಹೊತ್ತಿಗೆ ಅದು 47 ಮತ್ತು 30 ಆಗಿತ್ತೆಂದು ಯುರೋಪಿನ ಫುಟ್‌ಬಾಲ್ ಒಕ್ಕೂಟವೇ ಲೆಕ್ಕ ಕೊಟ್ಟಿತು. ಹೊರಗಿನವರನ್ನು ಮುನ್ನುಗ್ಗಿಸಲೆಂದು ತಂದ ನಿಯಮ, ಎಲ್ಲಿ ಒಂದು ಗೋಲು ಬಿಟ್ಟುಕೊಟ್ಟೇವೋ ಎಂದು ಮನೆಯವರನ್ನೇ ಅಂಜಿಸುವಂತಾಗಿತ್ತು. 2021ರ ಜೂನಿನಲ್ಲಿ ಅದನ್ನು ತೆಗೆದುಹಾಕಿದರು.

ಉಳಿದದ್ದು ಪೆನಾಲ್ಟಿ ಒದೆತ. ಇದು ನಾಣ್ಯವನ್ನು ಹೊರಹಾಕಿ 1970ರಲ್ಲೇ ಬಂದಿತ್ತು. ಹೆಚ್ಚುವರಿ ಅರ್ಧ ಗಂಟೆಯೂ ಸಮವಾಗಿ ಮುಗಿದರೆ, ಗೋಲಿನಿಂದ 11 ಮೀಟರ್ ದೂರದ ಚುಕ್ಕೆಯಿಂದ ಒಬ್ಬೊಬ್ಬರಾಗಿ ಐದೈದು ಒದೆತ. ಆಗಲೂ ಸಮವಾದರೆ ಒಂದೊಂದಾಗಿ ಮುಂದುವರಿಕೆ. ಗಂಟೆಗೆ 100 ಕಿಲೋಮೀಟರ್ ವೇಗದ ಚೆಂಡು ಆ ದೂರವನ್ನು ದಾಟಲು ಅರ್ಧ ಸೆಕೆಂಡೂ ಬೇಡ. ಗೋಲ್‌ಕೀಪರ್ ಕಾಯಬೇಕಾದ ಬಾಗಿಲಿನ ಅಗಲ 7.32 ಮೀಟರ್. ಇದೂ ಜೂಜೇ ಎನ್ನುವವರಿದ್ದಾರೆ. ಅವರು 1986ರ ಸೆವಿಲ್ ನಗರವನ್ನು ನೆನೆಯಬೇಕು. ಸ್ಪೇನಿನ ನೆಲದಲ್ಲೇ ಬಾರ್ಸಿಲೋನಾ ವಿರುದ್ಧ ರುಮೇನಿಯಾದ ಸ್ಟೆವಾ ತಂಡ ಅಂತಿಮ ಪಂದ್ಯವಾಡಿತು. ಎರಡು ಗಂಟೆಯಾದರೂ ಗೋಲಿಲ್ಲ. ಪೆನಾಲ್ಟಿಯಲ್ಲಿ ಸ್ಟೆವಾದ ಮೊದಲ ಎರಡು ಒದೆತಗಳೂ ವ್ಯರ್ಥವಾದುವು. ಆದರೆ ಅವರ ಗೋಲ್‌ಕೀಪರ್ ಹೆಲ್ಮುತ್ ದುಕಾದಮ್ ಬಾರ್ಸಿಲೋನಾದ ನಾಲ್ಕಕ್ಕೆ ನಾಲ್ಕನ್ನೂ ತಡೆದರು! ನಾಣ್ಯ ಇಂಥ ಕೆಲಸ ಮಾಡೀತೆ?

ಪಂಪನ 'ಆದಿಪುರಾಣ'ವನ್ನು ಪಾಠ ಹೇಳುವಾಗ ನನಗೆ ಈ ದೃಶ್ಯ ಕಣ್ಣಿಗೆ ಕಟ್ಟುತ್ತದೆ. ಭರತ ಬಾಹುಬಲಿಗಳ ಜಗಳಕ್ಕೆ ಎರಡು ಸೇನೆಗಳೇಕೆ ಸಾಯಬೇಕೆಂದು ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಗೊತ್ತುಮಾಡಿದರಷ್ಟೆ? ಸೇನೆಗಳು ನಿಂತು ನೋಡಿದುವು. ಇಲ್ಲಿಯೂ ಜೊತೆಯ ಆಟಗಾರರು ಮೈದಾನದ ನಡುವೆ ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟು ಸಾಲಾಗಿ ನಿಲ್ಲುತ್ತಾರೆ. ಒಬ್ಬನೇ ನಡೆದು ಹೋಗಿ ಒಬ್ಬನನ್ನೇ ಎದುರಿಸುತ್ತಾನೆ.

ಇಷ್ಟೆಲ್ಲ ಆದರೂ ತಗಾದೆ ತೀರಿಲ್ಲ. 2025ರ ಮಾರ್ಚಿನಲ್ಲಿ ಮ್ಯಾಡ್ರಿಡ್ ನಗರದ ಎರಡು ಕ್ಲಬ್ಬುಗಳು ಹದಿನಾರರ ಸುತ್ತಿನಲ್ಲಿ ಸೆಣಸಿದುವು. ರಿಯಲ್ ತನ್ನ ನೆಲದಲ್ಲಿ 2–1 ಗೆದ್ದಿತು. ಅಟ್ಲೆಟಿಕೊ ತನ್ನ ನೆಲದಲ್ಲಿ 1–0. ಹಳೆಯ ನಿಯಮವಿದ್ದಿದ್ದರೆ ಹೊರನೆಲದ ಒಂದು ಗೋಲಿನಿಂದ ಅಟ್ಲೆಟಿಕೊ ಅಂದೇ ಗೆದ್ದಿರುತ್ತಿತ್ತು. ನಿಯಮ ಹೋಗಿದ್ದರಿಂದ ಆಟ ಪೆನಾಲ್ಟಿಗೆ ಬಂತು. ಅಟ್ಲೆಟಿಕೊದ ಹುಲಿಯನ್ ಆಲ್ವಾರೆಸ್ ಒದೆಯುವಾಗ ಕಾಲು ಜಾರಿ, ಬಲಗಾಲಿನ ಒದೆತಕ್ಕೆ ಮುಂಚೆ ಎಡಗಾಲು ಚೆಂಡಿಗೆ ತುಸು ತಾಕಿತು. ಚೆಂಡು ಗೋಲಿಗೆ ಹೋದರೂ ಎರಡು ಸಲ ಮುಟ್ಟಿದಂತಾಯಿತೆಂದು ತಳ್ಳಿಹಾಕಿದರು. ರಿಯಲ್ 4–2ರಿಂದ ಮುಂದೆ ಹೋಯಿತು. ಆಟದ ನಿಯಮಗಳನ್ನು ನೋಡಿಕೊಳ್ಳುವ ಮಂಡಲಿಗೆ ಇದು ಸರಿಕಾಣಲಿಲ್ಲ. ಬೇಕೆಂದಲ್ಲದೆ ಹೀಗೆ ಎರಡು ಸಲ ತಾಕಿ ಚೆಂಡು ಗೋಲಾದರೆ ಮತ್ತೊಮ್ಮೆ ಒದೆಯಬೇಕೆಂದು ಅದೇ ಬೇಸಗೆಯಲ್ಲಿ ಸ್ಪಷ್ಟಪಡಿಸಿತು. ಆಲ್ವಾರೆಸ್‌ಗೆ ಅದರಿಂದ ಬಂದ ಲಾಭವೇನೂ ಇಲ್ಲ.

ಹೋದ ವರ್ಷ ನಮ್ಮ ಶಾಲೆಯ ಆಟಕ್ಕೆ ಮುಂಚೆ ಎರಡು ವಿಭಾಗದ ಹುಡುಗರನ್ನೂ ಕೂರಿಸಿ, ಸಮವಾದರೆ ಐದೈದು ಒದೆತವೆಂದು ಕರಿಹಲಗೆಯ ಮೇಲೆ ಬರೆದಿಟ್ಟೆ. ಹಿಂದಿನ ನಾಯಕ ಈಗ ಹತ್ತನೆಯ ತರಗತಿಯಲ್ಲಿದ್ದ. ಬಾಗಿಲಲ್ಲಿ ನಿಂತು ಓದಿ, "ನಮ್ಮದಾದ ಮೇಲೆ ಬರೆದ್ರಲ್ಲ ಸಾರ್" ಎಂದು ನಕ್ಕು ಹೋದ.

ಪಂದ್ಯಗಳನ್ನು ಎದ್ದಿದ್ದು ನೋಡುವ ಮನೆಗಳವರಿಗೆ ಒಂದು ಸೂಚನೆ. ಸಾಮಾನ್ಯವಾಗಿ ಆಟ ಅಲ್ಲಿಯ ರಾತ್ರಿ 9ಕ್ಕೆ ಆರಂಭ. ಫೆಬ್ರುವರಿ, ಮಾರ್ಚಿನ ಸುತ್ತುಗಳಲ್ಲಿ ನಮಗೆ ಅದು ರಾತ್ರಿ ಒಂದೂವರೆ. ಮಾರ್ಚಿನ ಕೊನೆಯ ಭಾನುವಾರ ಯುರೋಪಿನವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವುದರಿಂದ ಏಪ್ರಿಲಿನ ಆಟಗಳು ನಮಗೆ ಹನ್ನೆರಡೂವರೆಗೇ ಸಿಗುತ್ತವೆ. ಪೆನಾಲ್ಟಿಯವರೆಗೆ ಹೋದರೆ ಹಾಲಿನವನು ಬರುವುದಕ್ಕೆ ಹೆಚ್ಚು ಹೊತ್ತಿರುವುದಿಲ್ಲ.