ಅರ್ಜಿ ಆನ್‌ಲೈನ್ ಆಗುವ ಮುಂಚೆ ಉಮ್ಮನ ಕೈಗೆ ಕೊಟ್ಟು ನೋಡಿ

ವಿದ್ಯಾರ್ಥಿವೇತನ, ಚಿಕಿತ್ಸೆಗೆ ನೆರವು, ರಕ್ತದಾನಿಗಳ ಪಟ್ಟಿ ಎಂದು ನಮ್ಮ ಜಮಾಅತ್‌ಗಳೂ ಗಲ್ಫ್‌ನ ಅನಿವಾಸಿ ಸಂಘಟನೆಗಳೂ ಈಗ ವೆಬ್‌ಸೈಟ್ ಮಾಡುತ್ತಿವೆ. ಒಳ್ಳೆಯದೇ. ಆದರೆ ಅರ್ಜಿ ಹಾಕಬೇಕಾದವರ ಕೈಗೆ ಒಮ್ಮೆ ಕೊಟ್ಟು ನೋಡಿದ್ದೀರಾ ಎಂದು ನಾವು ಕೇಳಿದರೆ, "ಹುಡುಗರು ಚೆಕ್ ಮಾಡಿದ್ದಾರೆ" ಎಂಬ ಉತ್ತರ ಬರುತ್ತದೆ. ಹುಡುಗರು ಅಂದರೆ ಅದನ್ನು ಮಾಡಿದವರೇ! ಬಟನ್ ಎಲ್ಲಿದೆ ಎಂದು ಅವರಿಗೆ ಕಣ್ಣು ಮುಚ್ಚಿದರೂ ಗೊತ್ತು.

ಬಳಸುವವರಿಗೆ ಸುಲಭವೇ ಎಂದು ನೋಡುವುದಕ್ಕೆ ಸಾಫ್ಟ್‌ವೇರ್‌ನವರು ಯೂಸಬಿಲಿಟಿ ಟೆಸ್ಟಿಂಗ್ ಅನ್ನುತ್ತಾರೆ. ಹೆಸರು ದೊಡ್ಡದು, ಕೆಲಸ ಸಣ್ಣದು. ಇದಕ್ಕೆ ನೂರಾರು ಜನ ಬೇಕಾಗಿಲ್ಲ. ಡೆನ್ಮಾರ್ಕ್ ಮೂಲದ ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡವರ್ 1993ರಲ್ಲಿ ಇದರ ಲೆಕ್ಕ ಹಾಕಿದ್ದರು. ಒಬ್ಬರನ್ನು ಕೂರಿಸಿ ನೋಡಿದರೆ ಸರಾಸರಿ ಶೇ. 31ರಷ್ಟು ತೊಡಕುಗಳು ಸಿಗುತ್ತವೆ. ಐವರನ್ನು ಕೂರಿಸಿದರೆ ಸುಮಾರು ಶೇ. 85. ಎರಡನೆಯವರು ಮೊದಲಿನವರು ಎಡವಿದ ಕೆಲವು ಕಡೆ ಮತ್ತೆ ಎಡವುತ್ತಾರೆ, ಐದನೆಯವರ ಹೊತ್ತಿಗೆ ಹೊಸದು ಕಡಿಮೆ. ಹಾಗಾಗಿ ಐವರನ್ನು ನೋಡಿ, ಸರಿಪಡಿಸಿ, ಮತ್ತೆ ಐವರನ್ನು ನೋಡುವುದೇ ಲಾಭ ಎನ್ನುವುದು ನೀಲ್ಸನ್ ಸಲಹೆ. ಆದರೆ ಕಾಲೇಜು ಹುಡುಗಿಯೂ ಅವಳ ಉಮ್ಮನೂ ಒಂದೇ ಬಗೆಯ ಬಳಕೆದಾರರಲ್ಲ. ಎರಡೂ ಕಡೆಯಿಂದ ಮೂರು ನಾಲ್ಕು ಜನ ಬೇಕು.

ಮಾಡುವುದು ಹೇಗೆ? "ಇಲ್ಲಿ ಒತ್ತಿ" ಎಂದು ಹೇಳಿಕೊಡಬೇಡಿ. "ನಿಮ್ಮ ಮಗಳು ಪಿಯುಸಿ ಪಾಸಾಗಿದ್ದಾಳೆ, ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿ" ಎಂದು ಫೋನ್ ಕೊಡಿ. ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಲಿ, ಬ್ಯಾರಿ ಭಾಷೆಯಲ್ಲೇ ಹೇಳಲಿ. ಪರೀಕ್ಷೆ ವೆಬ್‌ಸೈಟಿಗೆ, ನಿಮಗಲ್ಲ ಎಂದು ಮೊದಲೇ ಹೇಳಬೇಕು. ಇಲ್ಲದಿದ್ದರೆ "ನನಗೆ ಇದೆಲ್ಲ ಗೊತ್ತಾಗಲ್ಲ ಮೋನೆ" ಎಂದು ತಪ್ಪನ್ನು ತಮ್ಮ ಮೇಲೇ ಹಾಕಿಕೊಳ್ಳುತ್ತಾರೆ. ಆಮೇಲೆ ನೀವು ಸುಮ್ಮನಿರಬೇಕು. ನಮ್ಮವರಿಗೆ ಇದೇ ಕಷ್ಟ, ಬಾಯಿ ತಡೆದರೂ ಬೆರಳು ಸ್ಕ್ರೀನ್ ಕಡೆ ಹೋಗಿಬಿಡುತ್ತದೆ.

ನಮ್ಮ ಮನೆಗಳಲ್ಲಿ ಜನ ಎಲ್ಲಿ ಸಿಕ್ಕಿಬೀಳುತ್ತಾರೆ ಎಂದು ಹೇಳುವುದು ಕಷ್ಟವಲ್ಲ. ಮೊದಲನೆಯದು ಹೆಸರು. ಸರ್‌ನೇಮ್ ಕಡ್ಡಾಯ ಅನ್ನುತ್ತದೆ ಫಾರಂ, ಹೆಂಗಸಿನ ಹೆಸರು ಬರೀ ಆಯಿಶಾ. ಏನು ತುಂಬಿಸುವುದು? ಗಂಡನ ಹೆಸರೇ, ಮನೆತನದ ಹೆಸರೇ, ಒಂದು ಚುಕ್ಕೆಯೇ? ಇನ್ನು ಇಂಗ್ಲಿಷ್‌ನಲ್ಲಿ ಮುಹಮ್ಮದ್ ಎಂಬ ಹೆಸರು ಆಧಾರ್‌ನಲ್ಲಿ ಒಂದು ಸ್ಪೆಲ್ಲಿಂಗ್, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು, ಪಾಸ್‌ಬುಕ್‌ನಲ್ಲಿ ಎರಡೇ ಅಕ್ಷರದ ಎಂ.ಡಿ. ಮೂರೂ ಒಂದೇ ಆಗಿರಬೇಕು ಎಂದು ಫಾರಂ ಹಟ ಹಿಡಿದರೆ ಅರ್ಹ ಮಗುವೇ ಹೊರಗೆ ಉಳಿಯುತ್ತದೆ.

ಎರಡನೆಯದು ಒಟಿಪಿ. ದಾಖಲೆಯಲ್ಲಿರುವ ನಂಬರ್ ಬಾಪನದ್ದು, ಬಾಪ ದಮ್ಮಾಮ್‌ನಲ್ಲಿ. ಇಲ್ಲಿ ಬೆಳಿಗ್ಗೆ 10 ಅಂದರೆ ಅಲ್ಲಿ 7.30, ಡ್ಯೂಟಿಗೆ ಹೊರಟ ಹೊತ್ತು. ಅವರು ಫೋನ್ ನೋಡಿ ವಾಟ್ಸ್‌ಆ್ಯಪ್‌ನಲ್ಲಿ ನಂಬರ್ ಕಳಿಸುವಷ್ಟರಲ್ಲಿ ಅವಧಿ ಮುಗಿದು, ಅಷ್ಟು ಹೊತ್ತು ತುಂಬಿಸಿದ್ದೂ ಅಳಿಸಿಹೋಗಿರುತ್ತದೆ. ಸಮಯದ ಮಿತಿ ಇಟ್ಟರೆ ಮುಗಿಯುವ ಮುಂಚೆ ಎಚ್ಚರಿಸಿ, ಅದನ್ನು ವಿಸ್ತರಿಸಿಕೊಳ್ಳಲು ಕನಿಷ್ಠ 20 ಸೆಕೆಂಡ್ ಕೊಡುವುದು ಒಂದು ದಾರಿ ಎಂದು ವೆಬ್‌ನ ಅಂತಾರಾಷ್ಟ್ರೀಯ ಮಾರ್ಗಸೂಚಿ 2008ರಲ್ಲೇ ಹೇಳಿದೆ. ಕಮಿಟಿಯವರು ವೆಬ್‌ಸೈಟ್ ಮಾಡುವವರಲ್ಲಿ ಇದನ್ನು ಕೇಳಿ ಪಡೆಯಬೇಕು.

ಫೋಟೊ ಇಷ್ಟೇ ಕೆ.ಬಿ. ಇರಬೇಕು ಎಂಬ ನಿಯಮದ ಬಗ್ಗೆ ಹೇಳುವುದೇ ಬೇಡ.

ಸಿಕ್ಕಿಬಿದ್ದವರು ದೂರು ಕೊಡುವುದಿಲ್ಲ ಎಂಬುದೇ ನಮಗೆ ದೊಡ್ಡ ಚಿಂತೆ. ದುಡ್ಡಿದ್ದವರು ಸೈಬರ್ ಸೆಂಟರ್‌ಗೆ ಕೊಟ್ಟು ತುಂಬಿಸುತ್ತಾರೆ, ಇಲ್ಲದವರು ಬಿಟ್ಟುಬಿಡುತ್ತಾರೆ. ಕಮಿಟಿ ಕೈಗೆ ಬರುವುದು ಸಲ್ಲಿಸಿದವರ ಪಟ್ಟಿ ಮಾತ್ರ. ಅರ್ಧಕ್ಕೆ ನಿಂತವರ ಹೆಸರು ಅದರಲ್ಲಿ ಇರುವುದಿಲ್ಲ. "ಈ ಸಲ ಅರ್ಜಿಯೇ ಕಡಿಮೆ, ನಮ್ಮವರಿಗೆ ಆಸಕ್ತಿ ಇಲ್ಲ" ಎಂದು ಮೀಟಿಂಗ್‌ನಲ್ಲಿ ಮಾತಾಗುತ್ತದೆ.

ಪರೀಕ್ಷೆಯನ್ನು ಕಮಿಟಿಯ ಲ್ಯಾಪ್‌ಟಾಪಿನಲ್ಲಿ ಮಾಡಬೇಡಿ. ಆ ಹೆಂಗಸಿನದೇ ಫೋನ್, ಗಾಜು ಒಡೆದಿದ್ದರೂ ಅದೇ, ಮನೆಯಲ್ಲಿ ಸಿಗುವ ನೆಟ್‌ವರ್ಕ್‌ನಲ್ಲೇ ಆಗಲಿ. ಎಸೆಸೆಲ್ಸಿ, ಪಿಯುಸಿ ಫಲಿತಾಂಶ ಬಂದ ಮೇಲೆ ಸರಿಪಡಿಸಲು ಪುರುಸೊತ್ತು ಇರುವುದಿಲ್ಲ. ಅದಕ್ಕಿಂತ ಒಂದು ತಿಂಗಳು ಮುಂಚೆ ಒಂದು ಭಾನುವಾರ ಮಧ್ಯಾಹ್ನ ಐದು ಮನೆಗೆ ಹೋಗಿ ಬನ್ನಿ.